ಗರಗಸದ ಉಡದಾರ

ಮೊನ್ನೆ ನರಗುಂದದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಲಕ ಕೊಳ್ಳಲು ನಿಂತಿದ್ದೆ. ಮನೆಯಲ್ಲಿ ಚಿಲಕ ಇಲ್ಲವೆಂದಲ್ಲ, ಇರುವ ಚಿಲಕದ ಮೇಲೆ ನನಗೆ ನಂಬಿಕೆ ಇಲ್ಲ. ಅಂಗಡಿಯವ ಬೇರೆ ಯಾರಿಗೋ ನೈಲಾನ್ ಹಗ್ಗ ಕತ್ತರಿಸಿ ಕೊಡುತ್ತಿದ್ದ. ಕತ್ತರಿಸಿದ ತುದಿ ಬಿಚ್ಚಿಕೊಳ್ಳದಿರಲೆಂದು ಲೈಟರ್ ಹಚ್ಚಿ ಸುಟ್ಟ. ಸುಟ್ಟ ಕೂದಲಿನಂಥ, ಸುಟ್ಟ ಪ್ಲಾಸ್ಟಿಕ್ ಬಕೀಟಿನಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ತಾನಾಗಿ ಒಂದು ಹೆಜ್ಜೆ ಹಿಂದೆ ಸರಿಯಿತು. ತಲೆ ಎತ್ತಿ ಮೇಲೆ ನೋಡಿದೆ. ಮೇಲೆ ಫ್ಯಾನ್ ತಿರುಗುತ್ತಿತ್ತು.

"ಏನ್ರಿ ಅಣ್ಣಾರ, ಫ್ಯಾನ್ ಬೇಕಾಗಿತ್ತೇನು?" ಎಂದ ಅಂಗಡಿಯವ.

"ಬ್ಯಾಡ. ಅದು ಗಟ್ಟಿ ಕುಂತೈತಿಲ್ಲೋ?" ಎಂದೆ.

ಅವನು ನನ್ನನ್ನು ನೋಡಿದ ರೀತಿಗೆ ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಹಾಗೆ ನೋಡುವವರು ನಮ್ಮ ಮನೆಯಲ್ಲೇ ಇದ್ದಾರೆ. ಆ ವಾಸನೆ ಬಂದರೆ ನಾನು ಮೇಲೆ ನೋಡುವುದು ಕೆಲವು ವರ್ಷದ ಹಿಂದಿನ ಒಂದು ಬೇಸಿಗೆಯಿಂದ ಕಲಿತ ಚಾಳಿ. ಗರಗಸ ನನ್ನ ಎರಡು ಕಾಲುಗಳ ನಡುವೆ ಬಂದು ಬಿದ್ದ ಬೇಸಿಗೆ ಅದು.

ರೋಣದಲ್ಲಿ ಕಟ್ಟಿಗೆ ಮಾರುವ ನನ್ನದೊಂದು ಕಟಗಿ ಅಡ್ಡೆ ಇದೆ. ಅದರ ಜೊತೆಗೆ, ಮಳೆಗಾಲ ಹಿಡಿಯುವ ಮುಂಚೆ ರಸ್ತೆ ಬದಿಯ ಗಿಡಗಳ ಟೊಂಗೆ ಕರೆಂಟಿನ ತಂತಿಗೆ ತಾಗದಂತೆ ಕಡಿಸುವ ಕೆಲಸವನ್ನೂ ಹಿಡಿಯುತ್ತೇನೆ. ಗಿಡ ಹತ್ತುವವನು ನನ್ನ ಹೆಂಡತಿ ಶಾಂತವ್ವನ ತಮ್ಮ ಸಿದ್ದಪ್ಪ. ಕೆಳಗೆ ನಿಂತು ಹೆದರುವವನು ನಾನು. ಹೆದರುವುದೂ ಒಂದು ಕೆಲಸವೇ, ಮಾಡಿದವರಿಗೆ ಗೊತ್ತು. ಸಂಜೆ ಸಿದ್ದಪ್ಪ ಮೈ ಕೊಡವಿ ಊಟಕ್ಕೆ ಕೂರುತ್ತಿದ್ದ, ದಿನವಿಡೀ ಮೇಲೆ ನೋಡಿದ ನನಗೆ ಕುತ್ತಿಗೆ ಹಿಡಿದು ತಟ್ಟೆಯ ಕಡೆ ಬಗ್ಗಲು ಆಗುತ್ತಿರಲಿಲ್ಲ. ಲೈನಿನವರು "ಕರೆಂಟ್ ತಗದೀವ್ರಿ" ಎಂದು ಫೋನ್ ಮಾಡಿದರೆ, ಇನ್ನೊಮ್ಮೆ ನಾನೇ ಫೋನ್ ಮಾಡಿ "ಖರೇನ ತಗದೀರಿಲ್ಲೋ?" ಎಂದು ಕೇಳುತ್ತಿದ್ದೆ. ಕೊನೆಗೆ ಅವರು ನನ್ನ ನಂಬರು ನೋಡಿದರೆ ಫೋನ್ ಎತ್ತುವುದನ್ನೇ ಬಿಟ್ಟರು. ಆಮೇಲೆ ಅವರು ಯಾಕೆ ಎತ್ತುತ್ತಿಲ್ಲ ಎಂಬುದು ಹೊಸ ಚಿಂತೆಯಾಯಿತು.

ಶಾಂತವ್ವ ದಿನಾ ಬುತ್ತಿ ಕಟ್ಟಿ ಕೈಗಿಡುವಾಗ ಒಂದೇ ಮಾತು ಹೇಳುತ್ತಿದ್ದಳು: "ಏನ್ರಿ, ನನ್ನ ತಮ್ಮಗ ಏನರ ಆತಂದ್ರ ನೀವು ಹಂಗಽ ಮುಂದ ಹೋಗಿಬಿಡ್ರಿ. ಮನಿ ಕಡೆ ಬರಬ್ಯಾಡ್ರಿ."

"ನನಗ ಏನರ ಆದ್ರ?"

"ನಿಮಗೇನಾಕೈತಿ, ಕೆಳಗ ನಿಂತಾವ್ರಿಗೆ?"

ಆಗುವುದೇನೆಂಬುದು ಆ ವಾರವೇ ಗೊತ್ತಾಯಿತು. ಜಕ್ಕಲಿ ರಸ್ತೆಯಲ್ಲಿ ಒಂದು ಬೇವಿನ ಗಿಡ. ಎರೆ ಹೊಲಗಳು ಉಳುಮೆಗೊಂಡು ಕಪ್ಪಗೆ ಬಾಯ್ದೆರೆದು ಬಿದ್ದಿದ್ದವು, ಬಿಸಿಲು ಮಧ್ಯಾಹ್ನದವರೆಗೆ ಕಾದು ಸಂಜೆಯ ಹೊತ್ತಿಗೆ ಗಾಳಿ ಎಬ್ಬಿಸುತ್ತಿತ್ತು. ಸಿದ್ದಪ್ಪನ ಕೈ ಬೆವತಿತ್ತು. ಮೇಲಿನಿಂದ "ಮಾವಾ!" ಎಂದು ಒಂದು ಕೂಗು ಬಂತು. ನಾನು ಓಡಬೇಕಿತ್ತು. ಅದರ ಬದಲು "ಏನೋ?" ಎಂದು ಮೇಲೆ ನೋಡಿದೆ. ಗರಗಸ ಬಂದು ನನ್ನ ಎರಡು ಚಪ್ಪಲಿಗಳ ನಡುವಿನ ಮಣ್ಣಿಗೆ ಹಲ್ಲು ಕಚ್ಚಿ ನಿಂತು ಹಾಗೇ ಅಲುಗಾಡಿತು. ನಾನೂ ಅಲುಗಾಡಿದೆ. ಅದು ಮೊದಲು ನಿಂತಿತು.

ಇಳಿದು ಬಂದ ಸಿದ್ದಪ್ಪ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಹೊರದೇಶದ ಒಬ್ಬ ಗಿಡದಲ್ಲಿ ನೇತಾಡುತ್ತ ಕೆಲಸ ಮಾಡುತ್ತಿದ್ದ. ಅವನ ಗರಗಸಕ್ಕೆ ಒಂದು ಸಣ್ಣ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ಸೊಂಟದ ನಡಪಟ್ಟಿಗೆ ಸಿಕ್ಕಿಸಿಕೊಂಡಿದ್ದ. ಕೈ ಬಿಟ್ಟರೆ ಗರಗಸ ನೆಲಕ್ಕೆ ಬೀಳದೆ ಅವನ ಮೊಣಕಾಲಿನ ಹತ್ತಿರ ಜೋತಾಡುತ್ತಿತ್ತು.

"ನಮಗೂ ಇಂಥಾದೊಂದು ಬೇಕು ಮಾವ. ಗರಗಸಕ್ಕ ಉಡದಾರ."

ಗಂಡಸರೆಲ್ಲ ಸೊಂಟಕ್ಕೆ ಉಡದಾರ ಕಟ್ಟುವ ನಮ್ಮ ಕಡೆ ಗರಗಸಕ್ಕೂ ಒಂದು ಇದ್ದರೆ ತಪ್ಪೇನಿಲ್ಲ ಎನಿಸಿತು. ಮಾರನೆಯ ದಿನವೇ, ಅಳತೆಗೆಂದು ಗರಗಸವನ್ನು ಚೀಲದಲ್ಲಿ ಹಾಕಿಕೊಂಡು, ಹಗ್ಗ ತರಲು ಗಜೇಂದ್ರಗಡಕ್ಕೆ ಹೋದೆ. ಇಲ್ಲಿಂದ ನನ್ನ ಸಂಶಯಗಳು ಶುರುವಾಗುತ್ತವೆ.

ಗಜೇಂದ್ರಗಡದಲ್ಲಿ ಹಗ್ಗವೆಂದರೆ ಖಾಸೀಂಸಾಬನ ಅಂಗಡಿ. ಎತ್ತಿನ ಮೂಗುದಾರ, ದನದ ಕಣ್ಣಿ, ಮಕ್ಕಳ ಜೋಕಾಲಿಯ ಹಗ್ಗ, ಎಲ್ಲ ಅವನೇ ಹೆಣೆಯುತ್ತಾನೆ. ಆದರೆ ಖಾಸೀಂ ಹುಟ್ಟಾ ಹಗ್ಗದವನಲ್ಲ. ಒಂದು ಕಾಲಕ್ಕೆ ಸುತ್ತಲಿನ ಮೂರು ತಾಲ್ಲೂಕಿಗೆ ಅವನಂಥ ಗಿಡ ಹತ್ತುವವ ಇರಲಿಲ್ಲ, ಅದನ್ನು ಅವನೇ ಹೇಳಿಕೊಳ್ಳುತ್ತಿದ್ದ, ಕೇಳಲಿ ಬಿಡಲಿ. ಆಗ ಅವನ ಕೆಳಗೆ ನಿಂತು ಟೊಂಗೆಗೆ ಕಟ್ಟಿದ ಹಗ್ಗ ಜಗ್ಗುತ್ತಿದ್ದವನು ನಮ್ಮ ಸಿದ್ದಪ್ಪ. ಒಂದು ವರ್ಷ ಹೊಳೆಮಣ್ಣೂರಿನಲ್ಲಿ ಮಲಪ್ರಭೆ ಏರಿ ಇಳಿದ ಮೇಲೆ, ದಂಡೆಗೆ ವಾಲಿದ್ದ ಒಂದು ಜಾಲಿಯನ್ನು ಕಡಿಯುವಾಗ ಖಾಸೀಂ ಟೊಂಗೆಯ ಜೊತೆಗೇ ಕೆಳಗೆ ಬಂದ. ದವಾಖಾನೆಯಲ್ಲಿ ತಿಂಗಳುಗಟ್ಟಲೆ ಮಲಗಿದ. ಒಂದು ಕಾಲು ಮತ್ತೆ ನೆಟ್ಟಗಾಗಲಿಲ್ಲ. ಎಚ್ಚರಾದಾಗ ಅವನು ಆಡಿದ ಮೊದಲ ಮಾತು, "ಸಿದ್ದ ಲಗೂ ಜಗ್ಗಿದ."

ಕೊಯ್ದು ಮುಗಿಯುವ ಮೊದಲೇ ಹಗ್ಗ ಎಳೆದ ಎಂಬ ಆ ಒಂದು ಮಾತು ಸಾಕಾಯಿತು. ಸಿದ್ದಪ್ಪನನ್ನು ಗಿಡದ ಕೆಳಗೆ ನಿಲ್ಲಲು ಯಾರೂ ಕರೆಯಲಿಲ್ಲ. "ನಾ ಜಗ್ಗೇ ಇಲ್ಲ" ಎಂದು ಅವನು ಹೇಳಿದ್ದನ್ನು ಕೇಳಿದವರು ನಾವು ಮನೆಯವರು ಮಾತ್ರ, ನಾವೂ ಅಷ್ಟು ಗಟ್ಟಿಯಾಗಿ ನಂಬಲಿಲ್ಲ. ಕೆಳಗೆ ಕೆಲಸ ಸಿಗದ್ದಕ್ಕೆ ಅವನು ಮೇಲೆ ಹತ್ತುವುದನ್ನು ಕಲಿತ. ಅಂದಿನಿಂದ ಅವನಿಗೂ ಖಾಸೀಂನಿಗೂ ಮಾತಿಲ್ಲ. ಸಂತೆಯಲ್ಲಿ ಎದುರಾದರೆ ಒಬ್ಬ ಉಳ್ಳಾಗಡ್ಡಿ ನೋಡುತ್ತಿದ್ದ, ಒಬ್ಬ ಬದನೆಕಾಯಿ ನೋಡುತ್ತಿದ್ದ.

ನಾನು ಅಂಗಡಿಗೆ ಹೋಗಿ, ಯಾವುದಕ್ಕೆಂದು ಹೇಳದೆ, "ಗಟ್ಟಿ ಹಗ್ಗ, ಬೆರಳಿನಷ್ಟು ದಪ್ಪಂದು" ಎಂದೆ.

"ಎದಕ್ಕ?"

"ಹಿಂಗ... ಮನೀಗೆ."

"ಮನಿಗೆ ಹಗ್ಗಾ ಒಯ್ಯಾವ ಜಕ್ಕಲಿ ರಸ್ತೇದಾಗ ಗರಗಸ ಬಿದ್ದ ಮರುದಿನಽ ಬರ್ತಾನೇನು, ಈರಪ್ಪಣ್ಣ?" ಎಂದು ನಕ್ಕ. ನಾನು ಅಲುಗಾಡಿದ್ದೂ ಅವನಿಗೆ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ. "ಹಗ್ಗ ಒಯ್ದು ಗಂಟು ಹಾಕ್ತೀರಿ ನೀವು. ಇಲ್ಲೇ ಕುಂದ್ರು, ನಾನಽ ಮಾಡಿಕೊಡ್ತೀನಿ."

"ಸಿದ್ದಪ್ಪನ ಸಲುವಾಗಿ ಅದು, ಖಾಸೀಂ."

"ಗೊತ್ತೈತಿ. ಅದಕ್ಕಽ ಅಂದೆ."

ವರ್ಷಗಟ್ಟಲೆ ಮುಖ ನೋಡದ ಮನುಷ್ಯನಿಗಾಗಿ ಕೇಳದೆಯೇ ಕೆಲಸಕ್ಕೆ ಕೂತರೆ ಅದನ್ನು ಒಳ್ಳೆಯತನ ಎನ್ನುವವರು ಇರಬಹುದು. ನನ್ನ ಮಂಡೆ ಹಾಗೆ ಓಡುವುದಿಲ್ಲ. ನಾನು ಕೂತೆ, ಆದರೆ ಅವನ ಕೈ ಕಾಣುವಂತೆ ಕೂತೆ.

ಮೂರೆಳೆಯ ಹಸಿರು ಹಗ್ಗವನ್ನು ತೆಗೆದು ಒಂದು ಮಾರಿನಷ್ಟು ಕತ್ತರಿಸಿದ. ತುದಿಯ ಹುರಿ ಬಿಚ್ಚಿ ಎಳೆಗಳನ್ನು ಬೇರೆ ಮಾಡಿ, ಒಂದೊಂದರ ತುದಿಯನ್ನೂ ಬೆಂಕಿಗೆ ಹಿಡಿದು ಸುಟ್ಟ. ಅದೇ ವಾಸನೆ. ಬಿಸಿಯಾಗಿ ಕರಗಿದ ತುದಿಯನ್ನು ಉಗುಳು ಹಚ್ಚಿದ ಬೆರಳಿಂದ ಚೂಪು ಮಾಡಿದ. ಆಮೇಲೆ ಹಗ್ಗವನ್ನು ಬಳಸಿ ಒಂದು ಕುಣಿಕೆ ಮಾಡಿ, ಬಿಚ್ಚಿದ ಎಳೆಗಳನ್ನು ಅದೇ ಹಗ್ಗದ ಹೊಟ್ಟೆಯೊಳಗೆ ವಾಪಸ್ಸು ಹೆಣೆಯತೊಡಗಿದ. ಹುರಿ ಬಿಗಿಯಾಗಿದ್ದಲ್ಲಿ ಎತ್ತಿನ ಕೋಡಿನ ನುಣುಪಾದ ತುದಿಯೊಂದನ್ನು ತೂರಿಸಿ ದಾರಿ ಬಿಡಿಸುತ್ತಿದ್ದ. ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ, ಎಳೆದು ಬಿಗಿ. ಮತ್ತೆ ಮೇಲೆ, ಮತ್ತೆ ಕೆಳಗೆ. ಜಡೆಯ ಹೆಣಲಿನ ಹಾಗೆ. ನೋಡನೋಡುತ್ತ ಎಳೆಗಳು ಹಗ್ಗದೊಳಗೆ ಮುಳುಗಿ, ಕುಣಿಕೆ ಹುಟ್ಟಾ ಅಲ್ಲೇ ಇದ್ದಂತೆ ಕಾಣಿಸಿತು.

"ಗಂಟೆಲ್ಲಿ?" ಎಂದೆ.

"ಗಂಟ ಇಲ್ಲ."

"ಮತ್ತ ಹಿಡಿಯೂದು ಹ್ಯಾಂಗ?"

"ಜಗ್ಗಿದಷ್ಟು ಒಂದಕ್ಕೊಂದು ಒತ್ತತಾವ. ಗಂಟು ಹಾಕಿದಿ ಅಂದ್ರ ಹಗ್ಗ ಅಲ್ಲೇ ಮುರಕೊಂಡು ಸಾಯ್ತೈತಿ. ಟೊಂಗ್ಯಾಗ ಬ್ಯಾರೆ ಸಿಗಬೀಳ್ತೈತಿ. ನಾ ಮಾಡಿದ್ದು ಎಂದರ ಬಿಚ್ಚೇತಿ ಅಂತ ಈ ಊರಾಗ ಯಾರರ ಅಂದಾರೇನು, ಕೇಳ್ಕೊಂಡು ಬಾ ಹೋಗು."

ನಾನು ಗಂಟನ್ನು ಕಣ್ಣಾರೆ ನೋಡಿ ನಂಬುವ ಮನುಷ್ಯ. ಗಂಟಿಲ್ಲದ ಹಗ್ಗ ಎಂದರೆ ಬೀಗವಿಲ್ಲದ ಬಾಗಿಲು. ಸುಮ್ಮನೆ ತಲೆಯಾಡಿಸಿದೆ. ಒಂದು ತುದಿಯ ಕುಣಿಕೆಗೆ ನಡಪಟ್ಟಿಗೆ ಸಿಕ್ಕಿಸುವ ಕೊಂಡಿ ಹಾಕಿದ. ಇನ್ನೊಂದು ತುದಿಗೆ, ನನ್ನ ಚೀಲದಿಂದ ತೆಗೆದ ಗರಗಸದ ಹಿಡಿ ಕಟ್ಟುವಾಗ ನೀರು ಬೇಕೆಂದ. ನಾನು ಒಳಗಿನ ಕೊಡದಿಂದ ನೀರು ತಂದೆ. ಬರುವಷ್ಟರಲ್ಲಿ ಕೆಲಸ ಮುಗಿದಿತ್ತು, ಆ ಜಾಗದ ಮೇಲೆ ಸೈಕಲ್ ಟ್ಯೂಬಿನ ಒಂದು ತುಂಡು ಸರಿಸಿ ಮುಚ್ಚಿದ್ದ.

"ಇದ್ಯಾಕ?"

"ಇರ್ಲಿ."

ನೀರನ್ನು ಅವನು ಕುಡಿಯಲಿಲ್ಲ. ಪಕ್ಕದಲ್ಲಿ ಇಟ್ಟ. ರೋಣದ ಬಸ್ಸಿನಲ್ಲಿ ಪೂರಾ ದಾರಿ ನಾನು ಆ ಕುಡಿಯದ ನೀರಿನ ಬಗ್ಗೆಯೇ ಯೋಚಿಸಿದೆ.

ಮನೆಗೆ ಬಂದವನೇ ಅಡ್ಡೆಯ ಹಿಂದಿನ ಗೋಡೆಯ ಗೂಟಕ್ಕೆ ಕೊಂಡಿ ಸಿಕ್ಕಿಸಿ, ಗರಗಸವನ್ನು ಜೋತುಬಿಟ್ಟೆ. ಹಿಡಿಯಿತು. ಎತ್ತಿ ಕೈಬಿಟ್ಟೆ, ಹಿಡಿಯಿತು. ನಂಬಿಕೆ ಬರಲು ಇಷ್ಟು ಸಾಕಿತ್ತು, ಅದಕ್ಕೇ ನನಗೆ ಸಾಕಾಗಲಿಲ್ಲ. ಗರಗಸದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಗೆ ಕಾಲು ಕೊಟ್ಟು, ಮೈಯ ಪೂರ್ತಿ ಭಾರ ಹಾಕಿ ಜಗ್ಗಿದೆ. ಟಕ್ ಎಂದಿತು. ನಾನು ಹಿಂದಿದ್ದ ಹೊಟ್ಟಿನ ಚೀಲದ ಮೇಲೆ ಅಂಗಾತ ಬಿದ್ದೆ, ಎದೆಯ ಮೇಲೆ ಗರಗಸ.

ಸದ್ದು ಕೇಳಿ ಶಾಂತವ್ವ ಬಾಗಿಲಲ್ಲಿ ಬಂದು ನಿಂತಳು. "ಗ್ವಾಡಿ ಸಂಗಾಟ ಯಾಕ ಜಗಳಾಡಾಕತ್ತೀರಿ?"

ನಾನು ಗರಗಸ ಬದಿಗಿಟ್ಟು ಎದ್ದೆ. ಟ್ಯೂಬ್ ಸರಿಸಿ ನೋಡಿದೆ. ಹಸಿರು ಹಗ್ಗದ ಕುಣಿಕೆ ಕಲ್ಲಿನಂತೆ ಹಾಗೇ ಇತ್ತು, ಅವನ ಹೆಣಿಗೆಯ ಒಂದು ಎಳೆಯೂ ಜರುಗಿರಲಿಲ್ಲ. ಆದರೆ ಆ ಕುಣಿಕೆಯನ್ನೂ ಗರಗಸದ ಹಿಡಿಯನ್ನೂ ಸೇರಿಸಿದ್ದು ಹಗ್ಗವಲ್ಲ. ಮಗ್ಗದ ನೂಲು. ಗಜೇಂದ್ರಗಡದ ಓಣಿಗಳಲ್ಲಿ ಸೀರೆ ನೇಯುತ್ತಾರಲ್ಲ, ಅದೇ ಕೆಂಪು ಹತ್ತಿ ನೂಲಿನ ನಾಲ್ಕು ಸುತ್ತು. ಎತ್ತು ಕಟ್ಟುವಂಥ ಹಗ್ಗ ಮಾಡಿ, ಕೊನೆಗೆ ಸೀರೆಯ ಅಂಚಿನಿಂದ ನೇತುಹಾಕಿದ್ದ. ಅದರ ಮೇಲೆ ಟ್ಯೂಬ್ ಮುಚ್ಚಿದ್ದ.

ಸಂಶಯಪಡುವವನಿಗೆ ಜೀವನದಲ್ಲಿ ಇಷ್ಟು ಸ್ಪಷ್ಟ ಸಾಕ್ಷಿ ಅಪರೂಪಕ್ಕೆ ಸಿಗುತ್ತದೆ. ನಿಜ ಹೇಳಬೇಕೆಂದರೆ ಒಂದು ಗಳಿಗೆ ಖುಷಿಯೇ ಆಯಿತು. ಆಮೇಲೆ ಸಿದ್ದಪ್ಪನ ನೆನಪಾಯಿತು. ನೂಲು ಹರಿದು ಗರಗಸ ಬಿದ್ದರೆ ನನ್ನ ತಲೆಯ ಮೇಲೆ, ಅದು ಸರಿ. ಆದರೆ ಮೇಲಿರುವವನು ಗಟ್ಟಿಯಿದೆ ಎಂದು ನಂಬಿ ಕೈ ಸಡಿಲ ಬಿಟ್ಟಾಗ ಹರಿದರೆ? ಬೆಚ್ಚಿ ಕಾಲು ಜಾರಿದರೆ? ಹಳೆಯ ಲೆಕ್ಕ ತೀರಿಸಲು ಇದಕ್ಕಿಂತ ಸೋವಿ ದಾರಿ ಯಾವುದು?

ಮರುದಿನ ಗರಗಸ ಸಮೇತ ಗಜೇಂದ್ರಗಡಕ್ಕೆ ಹೋಗಿ, ಹರಿದ ನೂಲನ್ನು ಅವನ ಮುಂದೆ ಹಿಡಿದೆ.

"ಖಾಸೀಂ, ಇದೇನಿದು?"

ಅವನು ನೂಲನ್ನು ನೋಡಿದ, ನನ್ನನ್ನು ನೋಡಿದ. "ಎಷ್ಟು ಜಗ್ಗಿದಿ?"

"ಮೈ ಭಾರ ಹಾಕಿ."

"ಹಂಗಾರ ಬರೋಬ್ಬರಿ ಐತಿ," ಎಂದು ಮಗ್ಗದ ನೂಲಿನ ಉಂಡೆ ತೆಗೆದು, ನನ್ನ ಕಣ್ಣೆದುರೇ ಅದೇ ನೂಲನ್ನು ಅಷ್ಟೇ ಸುತ್ತು ಸುತ್ತಿ ಕಟ್ಟತೊಡಗಿದ.

"ಅಲ್ಲೋ ಮಾರಾಯ, ನಿನಗೇನರ ಬುದ್ಧಿ ಐತೇನು? ಇದು ಹರಿಯೂದು!"

"ಹಂಗಽ ಇರಬೇಕದು."

"ಯಾಕ ಹಂಗ ಇರಬೇಕು?"

ಖಾಸೀಂ ಹಲ್ಲಿನಿಂದ ನೂಲು ಕಡಿದ. ಜಂಬದ ಮಾತಿಗೆ ಎಂದೂ ತಡವರಿಸದ ಮನುಷ್ಯ, ಇದೊಂದಕ್ಕೆ ಬಾಯಿ ಬಿಡಲಿಲ್ಲ. "ಟ್ಯೂಬ್ ಯಾಕಂದ್ಯಲ್ಲ, ನೂಲು ಮಳಿಗೆ ನೆನೀಬಾರ್ದು ಅಂತ. ಬಾಕಿದು ಕೇಳಬ್ಯಾಡ. ಬಿಚ್ಚಬ್ಯಾಡ. ಬ್ಯಾರೆದು ಕಟ್ಟಬ್ಯಾಡ."

ನನಗೆ ಸಿಟ್ಟು ನೆತ್ತಿಗೇರಿತು. "ಅಷ್ಟು ಖಾತ್ರಿ ಇದ್ರ ನೀನಽ ಬಂದು ಗಿಡದ ಕೆಳಗ ನಿಂದ್ರು. ಅಂವ ಮ್ಯಾಲೆ ಇರೂತನಕ."

ಬರುವುದಿಲ್ಲ ಎನ್ನುತ್ತಾನೆಂದು ಎಣಿಸಿಯೇ ಹಾಗೆ ಹೇಳಿದ್ದೆ. ಅದನ್ನೇ ಹಿಡಿದು ನಾನು ಹಗ್ಗವನ್ನು ಅವನ ಮುಖಕ್ಕೆ ಎಸೆದು ಬರಬಹುದಿತ್ತು.

"ಎಂದ ಬರ್ಲಿ?" ಎಂದ ಖಾಸೀಂ.

ಇಷ್ಟು ಸಲೀಸಾಗಿ ಒಪ್ಪಿದ್ದು ನನಗೆ ಇನ್ನಷ್ಟು ಸಂಶಯ ತಂದಿತು.

ಸಂಜೆ ಸಿದ್ದಪ್ಪನಿಗೆ ಎಲ್ಲ ಹೇಳಿದೆ. ನೂಲು ತೋರಿಸಿದೆ. ದಾರಿಯಲ್ಲೇ ಕೊಂಡು ಕಿಸೆಯಲ್ಲಿಟ್ಟಿದ್ದ ನೈಲಾನ್ ಹುರಿಯನ್ನೂ ತೋರಿಸಿ, "ಆ ನೂಲು ಕೊಯ್ದು ಇದನ್ನ ಕಟ್ಟೂಣು, ಅವಗೇನು ಗೊತ್ತಾಕೈತಿ" ಎಂದೆ. ಸಿದ್ದಪ್ಪ ನೂಲನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ.

"ಅಂವ ಬರ್ತೀನಿ ಅಂದನೇನು?"

"ಅಂದ."

"ಕೆಳಗ ನಿಂದರ್ತೀನಿ ಅಂತ?"

"ಹೌದಪಾ."

"ಬರ್ಲಿ," ಎಂದ. ಹುರಿಯ ಬಗ್ಗೆ ಏನೂ ಹೇಳಲಿಲ್ಲ.

ಲಕ್ಕಲಕಟ್ಟಿಯ ದಾರಿಯಲ್ಲಿ ಒಂದು ದೊಡ್ಡ ಹುಣಸೆ, ಅದರ ಒಂದು ದಪ್ಪ ಟೊಂಗೆ ತಂತಿಯ ಕಡೆಗೆ ಕೈ ಚಾಚಿತ್ತು. ಮುಂಗಾರಿಗೆ ಮುಂಚಿನ ಅಡ್ಡಮಳೆಯ ಮೋಡ ಪಡುವಣದಲ್ಲಿ ಒಟ್ಟಿಕೊಂಡಿತ್ತು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ತಿರುಗುತ್ತಿದ್ದವು. ನಾನು ಅವನ್ನೇ ನೋಡುತ್ತಿದ್ದೆ. ಅವು ಜೋರಾದರೆ ಕೆಲಸ ನಿಲ್ಲಿಸಲು ಒಂದು ನೆಪ. ಜೋರಾಗಲಿಲ್ಲ.

ಖಾಸೀಂ ಆಟೋದಿಂದ ಇಳಿದು, ಕೋಲೂರಿಕೊಂಡು, ಸೀದಾ ಹೋಗಿ ಆ ಟೊಂಗೆಯ ನೆರಳಿಗೇ ನಿಂತ. ಸಿದ್ದಪ್ಪ ಬೊಡ್ಡೆಯ ಹತ್ತಿರ ನಡಪಟ್ಟಿ ಬಿಗಿಯುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಇಲ್ಲಿ ನೋಡಲು ಬದನೆಕಾಯಿಯೂ ಇರಲಿಲ್ಲ.

ನಾನು ಸಿದ್ದಪ್ಪನ ಕಿವಿಯ ಹತ್ತಿರ ಹೋಗಿ, "ಇನ್ನೂ ಹೊತ್ತು ಮೀರಿಲ್ಲ, ಹುರಿ ಕಿಸೇದಾಗ ಐತಿ" ಎಂದೆ.

ಅವನು ನನಗೆ ಹೇಳಿದ, ಆದರೆ ಖಾಸೀಂನಿಗೆ ಕೇಳುವಷ್ಟು ಜೋರಾಗಿ. "ಬಿದ್ದಾಂವ ಅಂವ ಮಾವ. ನೀ ಬಿದ್ದಿಲ್ಲ. ನಾನೂ ಬಿದ್ದಿಲ್ಲ. ಅಂವ ಕಟ್ಟಿದ್ದಽ ಇರ್ಲಿ."

ಹತ್ತಿದ. ಸಣ್ಣ ಟೊಂಗೆಗಳನ್ನು ಕೊಯ್ಯುತ್ತ ಹೋದ. ನಡುವೆ ಒಮ್ಮೆ ಕೈ ಜಾರಿ ಗರಗಸ ಬಿಟ್ಟುಹೋಯಿತು. ನಾನು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಮೊಣಕಾಲಿನ ಹತ್ತಿರ ತೂಗಾಡಿತು, ನೂಲು ಹಿಡಿದಿತ್ತು. ಖಾಸೀಂ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಒಮ್ಮೆ ಹಿಡಿದ ಮಾತ್ರಕ್ಕೆ ಯಾವ ನೂಲಿಗೂ ನಾನು ಶಿಫಾರಸು ಬರೆದುಕೊಡುವವನಲ್ಲ, ಮುಖ ತಿರುಗಿಸಿದೆ.

ದಪ್ಪ ಟೊಂಗೆಗೆ ಬಂದ. ಮೈಹಗ್ಗವನ್ನು ಬೊಡ್ಡೆಗೆ ಸುತ್ತಿ ಕಟ್ಟಿಕೊಂಡ. ಮೈಹಗ್ಗ ಮನುಷ್ಯನನ್ನು ಗಿಡದಲ್ಲಿ ಹಿಡಿಯುತ್ತದೆ. ಆದರೆ ಎತ್ತಿನ ಭಾರದ ಟೊಂಗೆಯೊಂದು ಸೊಂಟಕ್ಕೆ ಜೋತುಬಿದ್ದರೆ ಎಷ್ಟು ಮನುಷ್ಯನನ್ನು ಹಿಡಿಯುತ್ತದೆ ಎಂಬುದನ್ನು ಯಾರೂ ಹೇಳಲಾರರು. ಅರ್ಧಕ್ಕಿಂತ ಹೆಚ್ಚು ಕೊಯ್ದಿದ್ದ. ಆಗ ಕೊಯ್ತದ ಬಾಯಿ ಮುಚ್ಚಿಕೊಂಡು ಗರಗಸವನ್ನು ಕಚ್ಚಿ ಹಿಡಿಯಿತು. ಸಿದ್ದಪ್ಪ ಅಲುಗಿಸಿ ಎಳೆದ, ಬರಲಿಲ್ಲ. ಇನ್ನೊಮ್ಮೆ ಎಳೆಯುವಷ್ಟರಲ್ಲಿ ಟೊಂಗೆಯೊಳಗಿಂದ ಬಟ್ಟೆ ಹರಿದಂಥ ಒಂದು ಸದ್ದು. ಹುಣಸೆ ಉದ್ದಕ್ಕೆ ಸೀಳಿತು. ಇಡೀ ಟೊಂಗೆ, ಹಲ್ಲಿನಲ್ಲಿ ಕಚ್ಚಿಕೊಂಡ ಗರಗಸದ ಸಮೇತ, ಕೆಳಗೆ ಹೊರಟಿತು. ಹಸಿರು ಹಗ್ಗ ಸಿದ್ದಪ್ಪನ ಸೊಂಟದಿಂದ ಬಾರಿನಂತೆ ಬಿಗಿದು ನೆಟ್ಟಗಾದದ್ದನ್ನು ನಾನು ನೋಡಿದೆ.

ಟಕ್.

ಆ ಸದ್ದು ನನಗೆ ಗೊತ್ತಿತ್ತು. ಹೊಟ್ಟಿನ ಚೀಲದ ಮೇಲೆ ಬಿದ್ದಾಗ ಕೇಳಿದ್ದೆ.

ಮುಂದೆ ನಾನು ಏನು ನೋಡಿದೆ ಎಂದು ಕೇಳಿದರೆ ರಸ್ತೆ ಬದಿಯ ತಗ್ಗಿನ ತಳ. ಒಂದು ಚಪ್ಪಲಿ ಎಲ್ಲಿ ಹೋಯಿತೋ ಇವತ್ತಿಗೂ ಸಿಕ್ಕಿಲ್ಲ. ಧೂಳು, ಹುಣಸೆಯ ಹುಳಿ ವಾಸನೆ, ಉದುರುವ ಸಣ್ಣ ಎಲೆ. ತಲೆ ಎತ್ತಿದಾಗ ಟೊಂಗೆ ನೆಲದ ಮೇಲೆ ಬಿದ್ದಿತ್ತು. ಅದರಿಂದ ಒಂದು ಮಾರು ದೂರದಲ್ಲಿ ಖಾಸೀಂ ನಿಂತೇ ಇದ್ದ. ಮೇಲೆ ನೋಡುತ್ತಿದ್ದ.

"ಸಿದ್ದಾ," ಎಂದು ಕೂಗಿದ. ಅಷ್ಟು ವರ್ಷದ ಮೇಲೆ ಮೊದಲ ಸಲ. "ಇದ್ದೀಯೇನೋ?"

ಬೊಡ್ಡೆಯನ್ನು ತಬ್ಬಿಕೊಂಡಿದ್ದ ಸಿದ್ದಪ್ಪ ಮೇಲಿಂದ ಇಣುಕಿದ. "ಇದ್ದೀನಿ."

ಇಳಿದು ಬಂದ. ಸೊಂಟದಿಂದ ಹಸಿರು ಹಗ್ಗ ಜೋತಾಡುತ್ತಿತ್ತು, ತುದಿಯ ಕುಣಿಕೆ ಖಾಲಿ. ಕುಣಿಕೆಗೆ ಒಂದು ಚೂರು ಕೆಂಪು ನೂಲು ಅಂಟಿಕೊಂಡಿತ್ತು. ಅದನ್ನು ನೋಡಿದ. ನೆಲದ ಮೇಲಿನ ಟೊಂಗೆಯನ್ನು ನೋಡಿದ. ನೂಲು ಹರಿಯದಿದ್ದರೆ ಟೊಂಗೆಯ ಹಿಂದೆ ಸಿದ್ದಪ್ಪನೂ ಕೆಳಗೆ ಬರುತ್ತಿದ್ದ ಎಂದು ನನಗೂ ಆಗ ತಿಳಿಯಿತು, ಕಿಸೆಯೊಳಗಿನ ನೈಲಾನ್ ಹುರಿ ತೊಡೆಗೆ ಕೆಂಡದಂತೆ ತಾಗಿತು.

ಖಾಸೀಂ ಕೋಲಿನ ತುದಿಯಿಂದ ಮಣ್ಣು ಕೆದರುತ್ತ ಹೇಳಿದ: "ಅವತ್ತ ನಂದಕ್ಕ ನೂಲು ಇದ್ದಿಲ್ಲ."

"ಏನಂದಿ?" ಎಂದ ಸಿದ್ದಪ್ಪ.

"ಹೊಳೆಮಣ್ಣೂರಾಗ. ಗರಗಸ ಸೊಂಟಕ್ಕ ಕಟ್ಕೊಂಡಿದ್ದೆ. ಗಟ್ಟಿ ಹಗ್ಗ, ನಾನಽ ಹೆಣೆದಿದ್ದೆ. ಟೊಂಗಿ ಗರಗಸ ಒಯ್ತು, ಗರಗಸ ನನ್ನ ಒಯ್ತು. ಎಚ್ಚರ ತಪ್ಪೂಕಿಂತ ಮೊದ್ಲ, ನೀ ಓಡಿ ಬರೂದ್ರಾಗ, ಆ ಹಗ್ಗ ಕೊಯ್ದು ಹೊಳಿಗೆ ಒಗದೆ."

"ನಾ ಜಗ್ಗಿದ್ದಿಲ್ಲ."

"ಇಲ್ಲ."

"ಮತ್ತ ಊರ ತುಂಬ ನಾ ಜಗ್ಗಿದೆ ಅಂತ ಹೇಳ್ಕೋತ ಬಂದ್ಯಲ್ಲೋ, ಮಗನಽ."

"ಮಂದಿ ಕೇಳಾಕ ಬರ್ತಿದ್ರು. ಖಾಸೀಂ ತಾನ ಹೆಣೆದ ಹಗ್ಗದಾಗ ತಾನ ಬಿದ್ದ ಅಂತ ಹ್ಯಾಂಗ ಹೇಳ್ಲಿ? ಏನರ ಹೇಳಬೇಕಾಗಿತ್ತು. ಬಾಯಿಗೆ ನಿನ್ನ ಹೆಸರು ಬಂತು."

ಸಿದ್ದಪ್ಪ ಅವನನ್ನು ಬೈದ. ಇಲ್ಲಿ ಬರೆಯಲಾಗದಂಥ ಬೈಗುಳ, ಹೆತ್ತವರನ್ನೂ ಬಿಡಲಿಲ್ಲ. ಖಾಸೀಂ ಒಂದಕ್ಕೂ ತಿರುಗಿ ಹೇಳದೆ ಕೇಳಿಸಿಕೊಂಡ. ಬೈದು ಬೈದು ಸಿದ್ದಪ್ಪನ ಉಸಿರು ಹತ್ತಿತು. ಮೊದಲ ಹನಿಗಳು ಧೂಳಿಗೆ ಬೀಳತೊಡಗಿದವು. ಅವನು ಹೋಗಿ ಟೊಂಗೆಯ ಸೀಳಿನಿಂದ ಗರಗಸವನ್ನು ಮೀಟಿ ತೆಗೆದ. ಸೊಂಟದ ಕೊಂಡಿ ಬಿಚ್ಚಿದ. ಹಗ್ಗವನ್ನೂ ಗರಗಸವನ್ನೂ ಖಾಸೀಂನ ಎದೆಗೆ ಒತ್ತಿದ.

"ಕಟ್ಟು. ಇನ್ನೂ ಎರಡು ಟೊಂಗಿ ಅದಾವ."

ಖಾಸೀಂ ಅಂಗಿಯ ಕಿಸೆಯಿಂದ ಕೆಂಪು ನೂಲಿನ ಉಂಡೆ ತೆಗೆದ. ಅದನ್ನು ಅವನು ಜೊತೆಗೇ ತಂದಿದ್ದ, ಹರಿಯುತ್ತದೆಂದು ಗೊತ್ತಿದ್ದವನಂತೆ. ಅದರ ಬಗ್ಗೆ ನಾನು ಅವತ್ತೇ ಸಂಶಯಪಡಬಹುದಿತ್ತು. ಪಡಲಿಲ್ಲ. ನನ್ನ ಆಯುಷ್ಯದಲ್ಲಿ ನಾನು ಬಿಟ್ಟುಕೊಟ್ಟ ಒಂದೇ ಸಂಶಯ ಅದು.

ಮಳೆ ಜೋರಾಗಿ ಆ ಎರಡು ಟೊಂಗೆ ಮಾರನೆಯ ದಿನಕ್ಕೆ ಹೋದವು. ಆ ಮಾತು ಬೇರೆ. ಮನೆಗೆ ಹೋದಾಗ ಶಾಂತವ್ವ ಮೊದಲು ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಆಮೇಲೆ ನನ್ನ ಬರಿಗಾಲು ನೋಡಿ, "ನಿಮಗೇನಾತು?" ಎಂದಳು. "ಕೆಳಗ ನಿಂತಿದ್ದೆ" ಎಂದೆ.

ಈಗ ಪ್ರತಿ ಬೇಸಿಗೆ ಖಾಸೀಂ ಉಡದಾರ ಕಟ್ಟಿ ಕಳಿಸುತ್ತಾನೆ, ಒಂದು ಹೆಚ್ಚಿಗೆಯೇ ಕಳಿಸುತ್ತಾನೆ, ನನ್ನ ಸ್ವಭಾವ ಅವನಿಗೆ ಗೊತ್ತು. ಅದನ್ನು ನಾನು ಅಡ್ಡೆಯ ಗೂಟಕ್ಕೆ ಹಾಕಿ, ಗೋಡೆಗೆ ಕಾಲು ಕೊಟ್ಟು, ಮೈ ಭಾರ ಬಿಟ್ಟು ಜಗ್ಗುತ್ತೇನೆ. ಟಕ್ ಎಂದು ಹರಿದು ನಾನು ಹೊಟ್ಟಿನ ಚೀಲದ ಮೇಲೆ ಬಿದ್ದ ಮೇಲೆಯೇ ಸಿದ್ದಪ್ಪನಿಗೆ ಗಿಡ ಹತ್ತಲು ಒಪ್ಪಿಗೆ.

ನರಗುಂದದ ಅಂಗಡಿಯವ ನಾನು ಹಗ್ಗವನ್ನೇ ನೋಡುತ್ತ ನಿಂತದ್ದನ್ನು ಕಂಡು, ಹಲಗೆಯ ಮೇಲಿಂದ ಒಂದು ದಾರದ ಉಂಡೆ ಇಳಿಸಿದ.

"ಇದನ್ನ ಒಯ್ರಿ ಅಣ್ಣಾರ. ಎತ್ತು ಜಗ್ಗಿದ್ರೂ ಹರಿಯಂಗಿಲ್ಲ. ನಂದು ಖಾತ್ರಿ."

"ಹಂಗಾರ ಬ್ಯಾಡ," ಎಂದೆ.